ಬಿಚ್ಚದ ಗುಡಿಸಲು

ಬಿಚ್ಚಬೇಡಿ ಎಂದು ರವಿಕಿರಣ್ ಹೇಳುವಷ್ಟರಲ್ಲಿ ಭೀಮರಾಜು ಗುಡಿಸಲಿನ ಎರಡು ಬಿದಿರು ಗಳ ಕಿತ್ತಾಗಿತ್ತು.

ಭೀಮರಾಜುವಿನ ಅಪ್ಪ ಸಣ್ಣತಿಮ್ಮಯ್ಯ ಹಿಂದಿನ ದಿನ ಅದರೊಳಗೇ ಸತ್ತಿದ್ದ. ಸಾವಾದ ಗುಡಿಸಲಿಗೆ ಆ ಜನ ಮತ್ತೆ ಕಾಲಿಡುವುದಿಲ್ಲ. ಬಿಚ್ಚಿ, ಬೇರೆ ಜಾಗದಲ್ಲಿ ಹೊಸದಾಗಿ ಹಾಕಿಕೊಳ್ಳುತ್ತಾರೆ. ಅಲೆಮಾರಿಗಳು. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದೆ, ರೈಲು ಹಳಿಯ ಪಕ್ಕ, ತೆಂಗಿನ ಸೋಗೆ, ಟಾರ್ಪಾಲು ಹೊದಿಸಿಕೊಂಡು ವರ್ಷಗಳಿಂದ ಇದ್ದರು.

ಇವತ್ತು ಪರಿಶೀಲನೆ. ಸಮೀಕ್ಷೆಯಲ್ಲಿ ಕಂಡ ಗುಡಿಸಲು ಅದೇ ಜಾಗದಲ್ಲಿದ್ದರೆ ಮಾತ್ರ ನಿವೇಶನ. ಆ ಷರತ್ತು ಬರೆದವನು ರವಿಕಿರಣನೇ. ನಗರಗಳ ಅಲೆಮಾರಿಗಳ ವಸತಿ ಕುರಿತು ಅವನ ಸಂಸ್ಥೆ ಕೊಟ್ಟ ವರದಿಯಲ್ಲಿ, ಇವರು ಈಗ ಅಲೆಯುತ್ತಿಲ್ಲ ಎಂದು ಸರ್ಕಾರವನ್ನು ನಂಬಿಸಲು ಅದು ಬೇಕಿತ್ತು. ಸಭೆಯಲ್ಲಿ ಎಲ್ಲರೂ ತಲೆದೂಗಿದ್ದರು. ಊಟವೂ ಚೆನ್ನಾಗಿತ್ತು.

"ಇವತ್ತೊಂದಿನ ಇರಲಿ," ಎಂದ.

"ನಿಮ್ಮಲ್ಲಿ ಸತ್ತೋರ ಮನೇಲಿ ಇರ್ತಾರಾ ಸಾ?"

"ಇರ್ತಾರೆ."

ರವಿಕಿರಣನ ಅಪ್ಪ ಸತ್ತಾಗ, ಚಿಕ್ಕನಾಯಕನಹಳ್ಳಿಯ ಕೆರೆ ಏರಿಯ ಕೆಳಗಿದ್ದ ಇಂಥದೇ ಗುಡಿಸಲನ್ನು ಅವನ ಅವ್ವ ಬಿಚ್ಚಿದ್ದಳು. ಹಾಸ್ಟೆಲಿನಿಂದ ಬಂದವನು ತನ್ನ ಮನೆ ಎಲ್ಲಿ ಎಂದು ಯಾರನ್ನೋ ಕೇಳಬೇಕಾಗಿತ್ತು. ಸಂಸ್ಥೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲೂ ಹೇಳಬೇಕೆನಿಸಲಿಲ್ಲ. ನೆನಪಾದರೂ ಏನೂ ಆಗಲಿಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ.

ಸೈಟಿನ ಮಾತು ಬಂದ ಮೇಲೆ ಭೀಮರಾಜು ಗಳಗಳನ್ನು ಮತ್ತೆ ನೆಟ್ಟ. ಅವನ ತಾಯಿ ಭೂತಮ್ಮ ಗಂಟುಮೂಟೆಯ ಜೊತೆ ಬಿಸಿಲಲ್ಲೇ ಕೂತಿದ್ದಳು.

"ಸೈಟಲ್ಲೂ ಒಬ್ರು ಸಾಯ್ತಾರಲ್ಲಪ್ಪ," ಎಂದಳು. "ಆಗ ಗೋಡೇನ ಎಲ್ಲಿಗೆ ಹೊತ್ಕೊಂಡೋಗದು?"

ಯಾರೋ ನಕ್ಕರು. ರವಿಕಿರಣ್ ಫೋನು ನೋಡಿಕೊಂಡ.

ಮಧ್ಯಾಹ್ನ ಬಂದ ಅಧಿಕಾರಿ ಗುರುಶಾಂತಮ್ಮ, ಬಾಗಿಲಲ್ಲಿ ಮನೆಯವರೊಬ್ಬರು ನಿಂತ ಫೋಟೋ ಬೇಕೆಂದಳು. ಭೂತಮ್ಮ ಅಲ್ಲಾಡಲಿಲ್ಲ. ಭೀಮರಾಜು ನೆಲ ನೋಡಿದ.

"ಖಾಲಿ ಗುಡಿಸಲು ಅಂತ ಹಾಕ್ಲಾ? ಆಮೇಲೆ ಸೈಟು ಹೋಯ್ತು ಅಂತ ನನ್ನ ಬೈಕೋಬೇಡಿ."

ಯಾರು ನಿಂತರೂ ಆಗುತ್ತದೆಯೇ ಎಂದು ರವಿಕಿರಣ್ ಕೇಳಿದ.

"ಒಂದು ಮುಖ ಕಂಡ್ರೆ ಸಾಕು ಕಣ್ರೀ. ಫೋನಿಗೇನು ಗೊತ್ತಾಗುತ್ತೆ."

ಅವನು ಶೂ ಬಿಚ್ಚಿದ.

"ಬ್ಯಾಡ ಕಣಪ್ಪ," ಎಂದಳು ಭೂತಮ್ಮ.

"ಅವ್ರು ನಮ್ಮೋರಲ್ಲ ಬುಡವ್ವ," ಎಂದ ಭೀಮರಾಜು. "ಅವ್ರಿಗೇನೂ ಆಗಲ್ಲ."

ರವಿಕಿರಣ್ ಬಗ್ಗಿ ಒಳಗೆ ಹೋಗಿ, ಹೊರಕ್ಕೆ ಮುಖ ಮಾಡಿ ಬಾಗಿಲಲ್ಲಿ ಬಗ್ಗಿಯೇ ನಿಂತ. ಬೆನ್ನ ಹಿಂದೆ ಔಷಧಿಯ, ಹಳೆಯ ಕಂಬಳಿಯ ವಾಸನೆ. ನೆಟ್‌ವರ್ಕ್ ಬರುವವರೆಗೆ ಅಲ್ಲಾಡಬೇಡಿ ಎಂದಳು ಗುರುಶಾಂತಮ್ಮ.

ಅವಳ ಹಿಂದೆ ಭೂತಮ್ಮ ಎದ್ದಳು. ಸಂಜೆಯೊಳಗೆ ಬೇರೆ ಜಾಗ ಹಿಡಿಯಬೇಕಿತ್ತು. ಗಂಟು ತಲೆಗೇರಿತು. ತಗ್ಗಿನ ಬಾಗಿಲಿನಿಂದ ಅವನಿಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಹಳಿಯ ಪಕ್ಕದ ಜಲ್ಲಿಯ ಮೇಲೆ ಒಂದರ ಹಿಂದೊಂದು ಹೋದವು.

ಸೋಗೆಯ ಅಂಚು ಕತ್ತಿನ ಮೇಲೆ ಕೂತಿತ್ತು. ಗುರುಶಾಂತಮ್ಮ ಫೋನನ್ನು ಇನ್ನೂ ಅವನ ಮುಖಕ್ಕೇ ಹಿಡಿದಿದ್ದಳು.