ಎಲ್ಲಾ ಊರಾಗ ಅದ

ಮಳೆ ಬಂದರೆ ನಿಮ್ಮ ಓಣಿಯಲ್ಲೂ ನೀರು ನಿಲ್ಲುತ್ತದೆಯೇ? ನಮ್ಮದರಲ್ಲಿ ನಿಲ್ಲುತ್ತದೆ. ಬೈಯಪ್ಪನಹಳ್ಳಿಯ ರೈಲು ಹಳಿಯ ಪಕ್ಕಕ್ಕೆ ನಮ್ಮ ಓಣಿ. ಸಾಲಾಗಿ ಎಂಟು ಬಾಡಿಗೆ ರೂಮು, ಎಂಟಕ್ಕೂ ಸೇರಿ ಒಂದು ನಲ್ಲಿ. ಮಳೆ ಜೋರಾದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ನಲ್ಲಿ ನೀರು ಹೋಗುತ್ತದೆ, ಮೋರಿ ನೀರು ಮಾತ್ರ ಬರುತ್ತದೆ. ಪ್ರತಿ ವರ್ಷ ಇದೇ ಕಥೆ. ಪ್ರತಿ ವರ್ಷವೂ ನಾವು ಹೊಸದಾಗಿ ಬೆಚ್ಚಿಬೀಳುತ್ತೇವೆ.

ನಮ್ಮ ಮನೆಯಲ್ಲಿ ಮೂರು ಜನ. ಅತ್ತೆ ಬಾಲಮ್ಮ, ಗಂಡ ಲಕ್ಷ್ಮಿಕಾಂತ, ಮತ್ತೆ ನಾನು. ಊರು ಯಾದಗಿರಿ ಕಡೆ. ಗಂಡ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾರೆ. ನಾನು ಇಂದಿರಾನಗರದಲ್ಲಿ ಎರಡು ಮನೆಗಳ ಪಾತ್ರೆ ತೊಳೆಯುತ್ತಿದ್ದೆ. ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಆದರೆ ನಮ್ಮ ಅತ್ತೆಯ ಪ್ರಕಾರ ನಾವು ಇನ್ನೂ ಬಂದೇ ಇಲ್ಲ.

"ಇದೇನ್ ಮನಿ? ಇದು ಛತ್ರ. ಮನಿ ಊರಾಗ ಅದ," ಎನ್ನುತ್ತಾರೆ.

ಛತ್ರದಲ್ಲಿ ಯಾರಾದರೂ ಸಾಮಾನು ಇಡುತ್ತಾರೆಯೇ? ಆದ್ದರಿಂದ ನಾವು ಇಲ್ಲಿ ದುಡಿದು ಕೊಂಡಿದ್ದೆಲ್ಲ ಊರಿಗೆ ಹೋಗುತ್ತದೆ. ದಪ್ಪನೆಯ ರಗ್ಗು ಊರಿಗೆ. ಮೂಟೆ ಜೋಳ ಊರಲ್ಲಿ. ಚಾರ್ಜ್ ಮಾಡುವ ದೀಪ ಒಂದನ್ನು ಗಂಡ ಆಸೆಪಟ್ಟು ತಂದಿದ್ದರು, ಅದೂ ಡಬ್ಬಿಯ ಸಮೇತ ಊರಿಗೆ. ಆ ಮನೆಗೆ ಬೀಗ ಹಾಕಿದೆ. ನಾವು ಅಲ್ಲಿ ಇರುವುದು ವರ್ಷಕ್ಕೆ ಹತ್ತು ದಿನ. ಉಳಿದ ದಿನ ನಮ್ಮ ರಗ್ಗಿನ ಮೇಲೆ ಇಲಿಗಳು ಹಾಯಾಗಿ ಮಲಗುತ್ತವೆ. ಇಲ್ಲಿ ನಾವು ಗೋಣಿಚೀಲ ಹಾಸಿಕೊಳ್ಳುತ್ತೇವೆ.

ಕಾಗದಪತ್ರವೂ ಅಷ್ಟೇ. ಆಧಾರ್, ರೇಷನ್ ಕಾರ್ಡು, ಅತ್ತೆಗೆ ಬಿ.ಪಿ. ಇದೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ, ಎಲ್ಲ ಊರಿನ ಟ್ರಂಕಿನಲ್ಲಿ. ಬೆಂಗಳೂರಿನಲ್ಲಿ ಕಳ್ಳರು ಹೆಚ್ಚಂತೆ. ಇಲ್ಲಿ ಅಕ್ಕಿ, ಹಿಟ್ಟು, ಎಣ್ಣೆ ಎಲ್ಲ ಎರಡು ದಿನಕ್ಕೆ ಆಗುವಷ್ಟು. ಮುಗಿದರೆ ಮೂಲೆ ಅಂಗಡಿ ಇದ್ದೇ ಇದೆಯಲ್ಲ.

ನಮ್ಮ ಕಡೆಗೆ ಬರುವ ಆಶಾ ಕಾರ್ಯಕರ್ತೆ ಆಂಜನಮ್ಮ. ಎರಡು ಓಣಿ ಆಚೆ ಅವರ ಮನೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಬಂದು ಬಾಗಿಲಲ್ಲೇ ಕೂತರು.

"ಬಾಲಮ್ಮೋರೆ, ಬಿ.ಪಿ. ಗುಳಿಗೆ ಸರಿಯಾಗಿ ತಗೋತಿದೀರ ತಾನೆ?"

"ತಗೊಳ್ತೀನ್ರಿ."

"ಚೀಟಿ ಎಲ್ಲಿ, ಕೊಡಿ ನೋಡೋಣ."

"ಊರಾಗ ಅದ."

"ಊರಲ್ಲಿ ಯಾರಿಗೆ ಬಿ.ಪಿ.?"

ಅತ್ತೆ ಮುಖ ತಿರುಗಿಸಿದರು. ಆಂಜನಮ್ಮ ಬಿಡಲಿಲ್ಲ. "ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಗುಳಿಗೆ ದುಡ್ಡಿಲ್ದೆ ಕೊಡ್ತಾರೆ. ನನ್ ಜೊತೆ ಬನ್ನಿ, ಹೊಸ ಚೀಟಿ ಮಾಡಿಸ್ತೀನಿ. ಕೆಲಸ ಇಲ್ಲದ ಕಾಲ ಇದು. ಒಂದು ಡಬ್ಬಿಲಿ ಗುಳಿಗೆ, ಚೀಟಿ, ಆಧಾರ್ ನಕಲು ಇಟ್ಕೊಳ್ಳಿ. ಒಂದಿಷ್ಟು ಅವಲಕ್ಕಿ, ಬೆಂಕಿಪೊಟ್ಟಣ, ಕ್ಯಾಂಡಲ್ಲು. ನಾಳೆ ಏನಾದ್ರೂ ಆದ್ರೆ..."

"ಏನಾಗ್ತದ? ಕೇಡು ಬರ್ಲಿ ಅಂತ ಡಬ್ಬಿ ತುಂಬಿ ಕಾಯ್ಕೋತ ಕೂಡಂದ್ರೇನು? ಪುಕ್ಕಟ ಗುಳಿಗಿಗೆ ಶಕ್ತಿ ಇರಂಗಿಲ್ಲ, ನನಗ ಗೊತ್ತದ. ನೀ ಹೋಗವ್ವ ತಾಯಿ."

"ಲಕ್ಷ್ಮಿಕಾಂತಪ್ಪ, ನೀವಾದ್ರೂ ಹೇಳಿ."

ಗಂಡ ತಲೆ ಕೆರೆದುಕೊಂಡರು. "ಅವ್ವ ಹ್ಯಾಂಗಂತಾಳೋ ಹಾಂಗ್ರಿ."

ಆಂಜನಮ್ಮ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ನೋಡಿದೆ.

ಆ ವರ್ಷ ಕೆಲಸ ಬಹಳ ಕಡಿಮೆಯಾಯಿತು. ವಾರಕ್ಕೆ ಆರು ದಿನ ಹೋಗುತ್ತಿದ್ದ ಗಂಡ ಮೂರು ದಿನ ಹೋದರೆ ಹೆಚ್ಚು. ಉಳಿದ ದಿನ ಬೆಳಿಗ್ಗೆ ಕೂಲಿಯವರು ನಿಲ್ಲುವ ಕಡೆ ನಿಂತು, ಹತ್ತು ಗಂಟೆಗೆ ವಾಪಸು ಬರುತ್ತಿದ್ದರು. ನನ್ನ ಎರಡು ಮನೆಗಳಲ್ಲಿ ಒಂದು ಮನೆಯವರು ಪಾತ್ರೆ ತೊಳೆಯುವ ಯಂತ್ರ ತಂದರು. ಅವರು ಒಳ್ಳೆಯವರೇ. "ಬೇಜಾರು ಮಾಡ್ಕೋಬೇಡಮ್ಮ" ಎಂದರು. ನಾನು ಮಾಡಿಕೊಳ್ಳಲಿಲ್ಲ, ಬೇರೆ ಮನೆ ಹುಡುಕಿದೆ, ಸಿಗಲಿಲ್ಲ.

ಇದನ್ನೆಲ್ಲ ಅತ್ತೆ ನೋಡುತ್ತಿದ್ದರು. ಅತ್ತೆಯನ್ನು ನಾನು ನೋಡುತ್ತಿದ್ದೆ.

ಅವರ ಗುಳಿಗೆಯ ಹಾಳೆ ಕಿಟಕಿಯ ಮೇಲೆ ದೇವರ ಫೋಟೋದ ಹಿಂದೆ ಇರುತ್ತಿತ್ತು. ಮೆಡಿಕಲ್ ಅಂಗಡಿಯಿಂದ ಐದೋ ಆರೋ ಕತ್ತರಿಸಿ ತರುತ್ತಿದ್ದರು. ಒಂದು ಭಾನುವಾರ ಅದು ಖಾಲಿಯಾಯಿತು. ಸೋಮವಾರ ಬೆಳಿಗ್ಗೆ ಅತ್ತೆ ಫೋಟೋದ ಹಿಂದೆ ಕೈ ಹಾಕಿದರು, ನೀರು ಕುಡಿದರು, ಲೋಟ ಇಟ್ಟರು. ಬಾಯಿಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಮಗನಿಗೆ ಕಾಣಲಿ ಎಂದು ನೀರು ಮಾತ್ರ ಕುಡಿದರು. ಕೂಲಿ ಇಲ್ಲದ ಮಗನ ಹತ್ತಿರ ಗುಳಿಗೆ ಕೇಳುವುದು ಹೇಗೆ ಎಂದು ಅವರ ಮನಸ್ಸಿಗೆ ಬಂದಿರಬೇಕು.

ನಾನು ಕಂಡೆ. ಹೇಳಲಿಲ್ಲ. ಅತ್ತೆಗೆ ಬುದ್ಧಿ ಹೇಳುವಷ್ಟು ದೊಡ್ಡವಳೇ ನಾನು? ನಾಳೆ ತರುತ್ತಾರೆ ಎಂದುಕೊಂಡೆ. ಮಂಗಳವಾರವೂ ಹಾಗೇ ಎಂದುಕೊಂಡೆ.

ಮಂಗಳವಾರ ಸಂಜೆ ಮಳೆ ಹಿಡಿಯಿತು. ಕರೆಂಟು ಹೋಯಿತು. ಬುಧವಾರ ಓಣಿಯಲ್ಲಿ ಮೊಣಕಾಲುದ್ದ ನೀರು, ಮೂಲೆ ಅಂಗಡಿ ಮುಚ್ಚಿತ್ತು. ಇದ್ದ ಹಿಟ್ಟಿನಲ್ಲಿ ಎರಡು ರೊಟ್ಟಿಯಾಯಿತು, ಮೂವರು ತಿಂದೆವು. ಗಂಡನಿಗೆ ಆಗ ಚಾರ್ಜಿನ ದೀಪ ನೆನಪಾಯಿತು. "ಎಷ್ಟ್ ಚಂದ ಬೆಳಕಿತ್ತು ನೋಡು ಅದು," ಎಂದರು. ನಾನು ಏನು ಹೇಳಲಿ? ಆ ಬೆಳಕಿನಲ್ಲಿ ಇಲಿಗಳಾದರೂ ಓದಿಕೊಳ್ಳಲಿ ಎನ್ನಿಸಿತು. ಇಬ್ಬರ ಫೋನಿನ ಚಾರ್ಜೂ ಅವತ್ತೇ ಮುಗಿಯಿತು.

ಗುರುವಾರ ಬೆಳಿಗ್ಗೆ ಅತ್ತೆ ಬಕೆಟ್ಟು ಎತ್ತಲು ಹೋಗಿ ಹಾಗೇ ಗೋಡೆಗೆ ಒರಗಿ ಕೂತರು.

"ತಲಿ ಭಾಳ ನೋಯ್ಲಾಕತ್ತದ," ಎಂದರು. ಆಮೇಲೆ ಮತ್ತೇನೋ ಹೇಳಿದರು. ಮಾತು ತೊದಲಿತು. ಬಾಯಿಯ ಒಂದು ಕಡೆ ಕೆಳಗೆ ಜಾರಿತ್ತು.

"ಯವ್ವಾ! ಯವ್ವಾ, ಹಿಂಗ್ಯಾಕ ಮಾಡ್ತಿ?" ಗಂಡ ನಿಂಬೆಹಣ್ಣು ಹುಡುಕಲು ಶುರುಮಾಡಿದರು. ನಿಂಬೆಹಣ್ಣು ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಏನಿತ್ತು? ಪಕ್ಕದ ರೂಮಿಗೆ ಓಡಿದೆ. ಅವರ ಫೋನೂ ಸತ್ತಿತ್ತು. ನೀರಿನಲ್ಲಿ ಎದ್ದುಬಿದ್ದು ಆಂಜನಮ್ಮನ ಮನೆಗೆ ಹೋದೆ.

ಅವರ ಓಣಿಯಲ್ಲೂ ಅಷ್ಟೇ ನೀರು, ಅವರ ಮನೆಯಲ್ಲೂ ಕರೆಂಟಿಲ್ಲ. ಆದರೆ ಬಾಗಿಲ ಹಿಂದೆ ಮೊಳೆಗೆ ಒಂದು ಚೀಲ ನೇತಾಡುತ್ತಿತ್ತು. ಫೋನಿಗೆ ಚಾರ್ಜ್ ಕೊಡುವ ಪವರ್ ಬ್ಯಾಂಕು ಅದರಲ್ಲೇ ಇತ್ತು. ಅವರು ನನ್ನ ಮಾತು ಅರ್ಧ ಕೇಳುವಷ್ಟರಲ್ಲೇ ನೂರಾ ಎಂಟಕ್ಕೆ ಫೋನು ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ನಮ್ಮ ಮನೆಗೆ ಬಂದವರೇ ಕೂಗಿದರು. "ಬಾಯಿಗೆ ಏನೂ ಹಾಕ್ಬೇಡಿ! ನೀರೂ ಬೇಡ, ನಿಂಬೆಹಣ್ಣೂ ಬೇಡ! ಬಾಲಮ್ಮೋರೆ, ಎರಡೂ ಕೈ ಎತ್ತಿ."

ಅತ್ತೆಯ ಬಲಗೈ ಮೇಲೆ ಬಂತು. ಎಡಗೈ ಬರಲಿಲ್ಲ.

ಆಂಬುಲೆನ್ಸ್ ಓಣಿಯೊಳಗೆ ಬರುವ ಹಾಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ, ನಾಲ್ಕು ಜನ ಎತ್ತಿಕೊಂಡು ನೀರಿನಲ್ಲಿ ನಡೆದು ದೊಡ್ಡ ರಸ್ತೆಗೆ ಮುಟ್ಟಿಸಿದೆವು.

ಸರ್ಕಾರಿ ಆಸ್ಪತ್ರೆಯಲ್ಲಿ ತಡಮಾಡದೆ ಒಳಗೆ ಕರೆದುಕೊಂಡರು. ಡಾಕ್ಟರು ನೋಡುತ್ತಲೇ ಕೇಳಿದರು, "ಮುಂಚೆಯಿಂದ ಬಿ.ಪಿ. ಇದೆಯಾ? ಯಾವ ಗುಳಿಗೆ ತಗೋತಾರೆ?"

"ಬಿಳೀ ಗುಳಿಗಿ ಸರ್. ಸಣ್ಣದು," ಎಂದರು ಗಂಡ.

"ಎಲ್ಲ ಗುಳಿಗೆನೂ ಬಿಳೀದೇ ಕಣಪ್ಪ. ಚೀಟಿ ಎಲ್ಲಿ?"

"ಊರಾಗ ಅದ ಸರ್."

ನರ್ಸಮ್ಮ ಕೇಳಿದರು, "ಆಧಾರ್?"

"ಊರಾಗ ಅದ ಮೇಡಂ."

"ರೇಷನ್ ಕಾರ್ಡು?"

"ಅದೂ..."

"ಪುಣ್ಯಕ್ಕೆ ಪೇಷೆಂಟನ್ನಾದ್ರೂ ಇಲ್ಲಿಗೆ ತಂದಿದೀರಲ್ಲ," ಎಂದರು ನರ್ಸಮ್ಮ.

ಡಾಕ್ಟರು ಮತ್ತೆ ಕೇಳಿದರು. "ಸರಿಯಾಗಿ ಹೇಳಿ. ಗುಳಿಗೆ ದಿನಾ ತಗೋತಿದ್ರಾ? ಯಾವತ್ತು ತಗೊಂಡಿದ್ದು ಕೊನೇದು?"

"ದಿನಾ ತಗೊಳ್ತಾಳ ಸರ್. ನಾನೇ ನೋಡೀನಿ, ಮುಂಜಾನಿ ನೀರ್ ಕುಡೀತಾಳ."

ಜನರ ಮುಂದೆ ನಾನು ಮಾತಾಡುವವಳಲ್ಲ. ಆದರೆ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಭಾನುವಾರ ತಗೊಂಡಿದ್ದೇ ಕಡೀದು ಸರ್," ಎಂದೆ. "ಆಮ್ಯಾಲ ಬರೇ ನೀರ್ ಕುಡ್ದಾರ. ಗುಳಿಗಿ ಹೆಸರು ಆಮ್ಲೊ ಅಂತ ಶುರು ಆಗ್ತದ. ಮುಂದ ಐದು ಅಂತ ಬರ್ದಿತ್ತು."

ಹಾಳೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವುದು ನನಗೆ ಅಭ್ಯಾಸ. ಡಾಕ್ಟರು ತಲೆಯಾಡಿಸಿ ಬರೆದುಕೊಂಡು ಒಳಗೆ ಹೋದರು. ಗಂಡ ನನ್ನ ಕಡೆ ತಿರುಗಿದರು.

"ನಿನಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಒಳಗಿನ ಬಾಗಿಲನ್ನೇ ನೋಡಿದರು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಬೇಗ ತಂದಿದ್ದು ಒಳ್ಳೆಯದಾಯಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಗಂಡ ಅಲ್ಲೇ ಮುಖ ಮುಚ್ಚಿಕೊಂಡು ಅತ್ತರು.

ಎಂಟು ದಿನ ಬಿಟ್ಟು ಅತ್ತೆ ಮನೆಗೆ ಬಂದರು. ಮಾತು ಸರಿಯಾಗಿದೆ. ಎಡಗೈಯಲ್ಲಿ ಬಲ ಅಷ್ಟಿಲ್ಲ, ರೊಟ್ಟಿ ತಟ್ಟಲು ಆಗುವುದಿಲ್ಲ. ಅದು ನಿಧಾನವಾಗಿ ಬರಬೇಕು.

ಆಂಜನಮ್ಮ ನೋಡಲು ಬಂದರು. ಅತ್ತೆ ಮೊದಲೇ ಶುರುಮಾಡಿದರು. "ನನ್ನ ಊರಿಗಿ ಕಳ್ಸಂದ್ರ ಕಳ್ಸವಲ್ಲ ನೋಡವ್ವ ಇವ. ಇಲ್ಲೀ ನೀರು ನನಗ ಆಗಂಗಿಲ್ಲ."

ಆಂಜನಮ್ಮನಿಗೆ ರೇಗಿಹೋಯಿತು. "ಏನ್ ಬಾಲಮ್ಮೋರೆ ನೀವು! ನೀರಲ್ಲ ಆಗದೇ ಇದ್ದಿದ್ದು. ಬೀಗ ಹಾಕಿರೋ ಮನೆಗೆ ಬಿ.ಪಿ. ಬರಲ್ಲ. ಬಂದಿರೋದು ನಿಮ್ಗೆ. ನೀವು ಎಲ್ಲಿರ್ತೀರೋ ಗುಳಿಗೆ ಅಲ್ಲಿರ್ಬೇಕು, ಚೀಟಿ ಅಲ್ಲಿರ್ಬೇಕು, ದೀಪ ಅಲ್ಲಿರ್ಬೇಕು. ಒಂಬತ್ತು ವರ್ಷ ಛತ್ರದಲ್ಲಿ ಇರೋರನ್ನ ನಾನೆಲ್ಲೂ ನೋಡಿಲ್ಲ."

ಅತ್ತೆ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಮಗನಿಗೆ ಹೇಳಿದರು, "ಟ್ರಂಕಿನ ಕೀಲಿ ನನ್ನ ಚೀಲದಾಗ ಅದ. ಊರಿಗಿ ಹೋಗಿ ಎಲ್ಲಾ ತಗೊಂಡ್ ಬಾ. ರಗ್ಗೂ ತಾ. ನನ್ನ ಸೊಸಿ ಗೋಣಿಚೀಲದ ಮ್ಯಾಲ ಮಲಗ್ತಾಳ."

ಗಂಡ ಹೋಗಿ ತಂದರು. ಈಗ ನಮ್ಮ ಮನೆಯಲ್ಲಿ ಮುಚ್ಚಳ ಬಿಗಿಯಾಗಿ ಕೂರುವ ಒಂದು ಡಬ್ಬಿಯಿದೆ. ಅದಕ್ಕಾಗಿ ಸಾಲ ಮಾಡಲಿಲ್ಲ. ಆರೋಗ್ಯ ಕೇಂದ್ರದಿಂದ ತಂದ ಗುಳಿಗೆಗಳು, ಗುಳಿಗೆಯ ಹೆಸರು ದೊಡ್ಡದಾಗಿ ಬರೆದ ಚೀಟಿ, ಕಾರ್ಡುಗಳ ನಕಲು, ಕಾಗದದ ಮೇಲೆ ನಾಲ್ಕು ಫೋನ್ ನಂಬರು ಅದರಲ್ಲಿವೆ. ಫೋನು ಸತ್ತರೆ ಅದರೊಳಗಿನ ನಂಬರೂ ಸಾಯುತ್ತದೆ, ನೆನಪಿರಲಿ. ಊರಿನ ರೇಷನ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ ಎಂದು ಆಂಜನಮ್ಮ ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಒಂಬತ್ತು ವರ್ಷ ಕೊಂಡು ತಿಂದೆವು! ಈಗ ಅಡುಗೆಗೆ ಅಕ್ಕಿ ತೆಗೆಯುವಾಗ ಅತ್ತೆ ಒಂದು ಹಿಡಿಯನ್ನು ಬೇರೆ ಡಬ್ಬಕ್ಕೆ ಹಾಕುತ್ತಾರೆ. ಎರಡು ಕೊಡ ಕುಡಿಯುವ ನೀರು ಯಾವಾಗಲೂ ಮುಚ್ಚಿಟ್ಟಿರುತ್ತೇವೆ, ಎರಡು ದಿನಕ್ಕೊಮ್ಮೆ ಬದಲಿಸುತ್ತೇವೆ. ದೀಪವನ್ನು ಮೋಡ ಕಂಡ ಕೂಡಲೇ ಚಾರ್ಜಿಗೆ ಹಾಕುವುದು ಗಂಡನ ಕೆಲಸ. ಅವರಿಗೆ ಅದರಲ್ಲಿ ಬಹಳ ಸಂತೋಷ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರು ಯಾವುದಾದರೂ ಇರಲಿ. ಆಪತ್ತು ಬರುವುದು ನೀವು ಮಲಗಿ ಏಳುವ ಮನೆಗೆ. ಬಾಡಿಗೆಯದಾದರೂ ಅದೇ ನಿಮ್ಮ ಮನೆ. ಇವತ್ತೇ ಒಂದು ಡಬ್ಬಿ ಹುಡುಕಿ. ಮನೆಯ ಹಿರಿಯರು ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ, ಹೆಸರು ಬರೆದಿಡಿ. ಕೆಲಸ ಕಡಿಮೆಯಾಯಿತು ಎಂದು ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಬೇಡಿ, ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಾಯಿ ಸೊಟ್ಟಗಾದರೆ, ಕೈ ಮೇಲೆ ಏಳದಿದ್ದರೆ, ಮಾತು ತೊದಲಿದರೆ ಮನೆಮದ್ದು ಹುಡುಕುತ್ತಾ ನಿಲ್ಲಬೇಡಿ. ನೂರಾ ಎಂಟಕ್ಕೆ ಫೋನು ಮಾಡಿ.

ಇನ್ನು ನನ್ನಂಥ ಸೊಸೆಯಂದಿರಿಗೆ ಒಂದು ಮಾತು. ಮನೆಯಲ್ಲಿ ಯಾವ ಡಬ್ಬ ಖಾಲಿಯಾಗಿದೆ, ಯಾರು ಊಟ ಬಿಟ್ಟಿದ್ದಾರೆ, ಯಾರು ಗುಳಿಗೆ ಬಿಟ್ಟಿದ್ದಾರೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ನಮಗೆ. ಕಂಡದ್ದನ್ನು ಅವತ್ತೇ ಬಾಯಿಬಿಟ್ಟು ಹೇಳಿ. ಅತ್ತೆ ಬೈದರೆ ಬೈಯಲಿ. ಬೈಯಲು ಅತ್ತೆ ಇರಬೇಕಲ್ಲ.