ಕೈಯಿಲ್ಲದ ಕುರ್ಚಿ

ನಾನು ಹುಟ್ಟಿದ ಮುಂಜಾನೆ ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಒಣ ಚಳಿಗಾಳಿ ಬೀಸುತ್ತಿತ್ತು. ಬಡಿಗೇರ ಮೌನೇಶಪ್ಪ ಕುಲದೇವತೆ ಕಾಳಮ್ಮನಿಗೆ ಕೈಮುಗಿದು ಉಳಿ ಹಿಡಿದ. ನಾನು ಸಾಗುವಾನಿಯ ಒಂದು ಕುರ್ಚಿ. ಬೆನ್ನಿದೆ, ಕಾಲುಗಳಿವೆ, ಕೈಗಳಿಲ್ಲ.

"ಕೈ ಇಲ್ಲದ ಕುರ್ಚಿ ಯಾರಿಗ್ರೀ ಬೇಕು?" ಎಂದು ಮೌನೇಶಪ್ಪ ನಕ್ಕಿದ್ದ.

"ನಮ್ಮ ದವಾಖಾನಿಗೆ ಬೇಕು, ಮಾಡೋ ಮಾರಾಯಾ" ಎಂದಿದ್ದರು ಡಾಕ್ಟರ್ ಹಂಚಿನಾಳ.

ಹೆಂಗಸರ ವಾರ್ಡಿನಲ್ಲಿ ಸಿಸ್ಟರ್ ಎಸ್ತೇರಮ್ಮ ದಿನಾ ನನ್ನನ್ನು ಮಂಚದಿಂದ ಮಂಚಕ್ಕೆ ಒಯ್ಯುತ್ತಿದ್ದರು. ರೋಗಿ ನನ್ನ ಮೇಲೆ ಕೂತು, ಏನನ್ನೂ ಹಿಡಿಯದೆ, ತಾನಾಗಿ ಏಳಬೇಕು. ಅಷ್ಟೇ ಪರೀಕ್ಷೆ. ಏಳಲಾರದವರ ಜೀವಕ್ಕೆ ಅಪಾಯ ಹೆಚ್ಚೆಂದು ಡಾಕ್ಟರು ಅಂಥವರ ಮೇಲೆ ಕಣ್ಣಿಡುತ್ತಿದ್ದರು. ಪಟ್ಟನೆ ಎದ್ದವರೂ ವಾರದೊಳಗೆ ಶಿವನ ಪಾದ ಸೇರಿದ್ದುಂಟು. ಏಳಲಾರದವರು ಆಮೇಲೆ ನಡೆದೇ ಮನೆ ಸೇರಿದ್ದೂ ಉಂಟು. ನಾನು ಕೊಡುವುದು ಎಚ್ಚರಿಕೆ ಮಾತ್ರ. ಹಣೆಬರಹ ಬರೆಯುವವನು ಬೇರೆ.

ಮುದುಕಿ ಫಕೀರವ್ವನಿಗೆ ನ್ಯುಮೋನಿಯಾ ಆಗಿ ಜ್ವರ ಇಳಿದಿತ್ತು. ಮನೆಗೆ ಕಳಿಸುವ ಮುನ್ನ ಡಾಕ್ಟರು ಅವಳನ್ನು ನನ್ನ ಮೇಲೆ ಕೂರಿಸಿದರು. ಸೊಸೆ ನೀಲವ್ವ ಒತ್ತಿನಲ್ಲೇ ನಿಂತಿದ್ದಳು. ಅತ್ತೆ ಎದ್ದಳು. "ಭೇಷ್!" ಎಂದು ಡಾಕ್ಟರು ಬಿಡುಗಡೆಯ ಚೀಟಿ ಬರೆದು ಮುಂದೆ ಹೋದರು.

ನನಗೆ ಗೊತ್ತಿತ್ತು, ಆ ಭಾರ ಎತ್ತಿದ್ದು ಅವಳ ಕಾಲುಗಳಲ್ಲ. ಸೆರಗಿನ ಮರೆಯಲ್ಲಿ ಸೊಸೆಯ ಕೈ ಅತ್ತೆಯ ಕಂಕುಳಲ್ಲಿತ್ತು. ಎಸ್ತೇರಮ್ಮನೂ ನೋಡಿದ್ದರು.

ಅವರು ನೀಲವ್ವನನ್ನು ಚಹಾ ತರಲು ಕಳಿಸಿ, ಮುದುಕಿಯನ್ನು ಮತ್ತೆ ಕೂರಿಸಿದರು. ಫಕೀರವ್ವ ಮೂರು ಸಲ ತಿಣುಕಿದಳು, ಮೂರು ಸಲವೂ ನನ್ನ ಮೇಲೇ ಕುಸಿದಳು.

"ಈ ಕುರ್ಚಿಗೆ ನನ್ನ ಮ್ಯಾಲ ಭಾಳ ಪ್ರೀತಿ ನೋಡವಾ, ಬಿಡವಲ್ದು" ಎಂದು ನಕ್ಕಳು. ಹಣೆಯ ತುಂಬ ಬೆವರು.

ಚಹಾ ತಂದ ನೀಲವ್ವ ಅದನ್ನು ಕಂಡು ಅಲ್ಲೇ ನಿಂತಳು.

"ಯಾಕ ಎತ್ತಿದಿ ತಂಗಿ?" ಸಿಸ್ಟರ್ ಕೇಳಿದರು.

"ಅತ್ತಿ ತಿಣಕೂಮುಂದ ಸೊಸಿ ಕೈಕಟ್ಟಿ ನಿಂತಿದ್ಲು ಅಂತ ಇಡೀ ವಾರ್ಡು ಆಡ್ಕೋತೈತ್ರೀ. ನಮ್ಮೂರ ಮಂದೀನೂ ಇಲ್ಲೇ ಅದಾರ."

"ನಿನ್ನ ಕೈ ಆಕೀ ಜಡ್ಡು ಮುಚ್ಚಿಟ್ಟಿತು. ಇವತ್ತ ಮನಿಗೆ ಹೋಗಿದ್ರ ಅಲ್ಲಿ ಯಾರು ನೋಡ್ತಿದ್ರು?"

ನೀಲವ್ವ ಚಹಾ ಕೆಳಗಿಟ್ಟು ಅತ್ತೆಯ ಹಣೆ ಒರೆಸಿದಳು.

ಎಸ್ತೇರಮ್ಮ ಹೇಳಿದ್ದು ಕೇಳಿ ಡಾಕ್ಟರು ಚೀಟಿ ಹರಿದು, ಫಕೀರವ್ವನ ಮಂಚವನ್ನು ಸಿಸ್ಟರ್ ಮೇಜಿನ ಪಕ್ಕಕ್ಕೆ ಹಾಕಿಸಿದರು. ಎರಡನೆಯ ದಿನ ಸಂಜೆ ಮುದುಕಿಯ ಉಸಿರು ಏರತೊಡಗಿತು. ಗಂಟೆಗಂಟೆಗೂ ಅದನ್ನು ಎಣಿಸುತ್ತಿದ್ದ ಸಿಸ್ಟರಿಗೆ ಕೂಡಲೇ ತಿಳಿಯಿತು. ಆಕ್ಸಿಜನ್, ಔಷಧ ಹೊತ್ತಿಗೆ ಒದಗಿದವು. ನೀಲವ್ವ ನನ್ನ ಬೆನ್ನನ್ನು ಬಿಗಿಯಾಗಿ ಹಿಡಿದು "ಶಿವಶಿವಾ" ಎನ್ನುತ್ತಿದ್ದಳು. ಜೀವ ಉಳಿಯಿತು.

ಈಗ ನನ್ನದೊಂದು ಕಾಲು ಸಡಿಲ. ಸಾಮಾನಿನ ಕೋಣೆಯ ಮೂಲೆಯಲ್ಲಿದ್ದೇನೆ. ಆಯಾ ನನ್ನ ಮೇಲೆ ಒಗೆದ ಚಾದರಗಳನ್ನು ಪೇರಿಸುತ್ತಾಳೆ. ಎತ್ತುವ ಕೈಗಳನ್ನು ಬೇಕಾದಷ್ಟು ಕಂಡೆ. ತನ್ನನ್ನು ತಾನೇ ತಡೆದು ನಿಲ್ಲುವ ಕೈ ಅಪರೂಪ, ಅದಕ್ಕೂ ಅಷ್ಟೇ ಪ್ರೀತಿ ಬೇಕು. ಹೀಗೆ ಕೂತಾಗ ಫಕೀರವ್ವ ಮನೆಗೆ ಹೊರಟ ದಿನ ನೆನಪಾಗುತ್ತದೆ.

ಅಂದು ಅವಳು ನನ್ನ ಮೇಲೆ ಕೂತು ಮುಂದಕ್ಕೆ ಬಾಗಿದಳು. ನೀಲವ್ವನ ಕೈ ತಾನಾಗಿ ಮುಂದೆ ಬಂತು. ನಡುವೆ ನಿಂತಿತು. ಹಿಂದೆ ಸರಿಯಿತು. ಇಡೀ ವಾರ್ಡು ನೋಡುತ್ತಿತ್ತು. ಫಕೀರವ್ವನ ಮೊಣಕಾಲುಗಳು ನಡುಗಿದವು; ನನ್ನ ಮೇಲಿನ ಭಾರ ಮೆಲ್ಲಗೆ ಹಗುರಾಯಿತು. ಎದ್ದು ನಿಂತಳು.

"ಏನ ಬಾಯಿ ಬಿಟ್ಕೊಂಡು ನಿಂತೀ? ನನ್ನ ಚಪ್ಪಲಿ ಕೊಡು" ಎಂದಳು ಸೊಸೆಗೆ.

ನೀಲವ್ವ ಹನ್ನೆರಡು ದಿನ ಚೀಲದಲ್ಲಿ ಕಟ್ಟಿಟ್ಟಿದ್ದ ಚಪ್ಪಲಿ ತೆಗೆದು, ಧೂಳು ಒರೆಸಿ, ಅತ್ತೆಯ ಪಾದಗಳ ಮುಂದೆ ಇಟ್ಟಳು.