ಮೇಸ್ತ್ರಿಯ ಕಾರಿನ ವಾಸನೆ

ಮೇಸ್ತ್ರಿಗೆ ಸುಸ್ತಾಗಿತ್ತು. ಒಂದು ದಿನದ ಸುಸ್ತಲ್ಲ, ಮೂಳೆಗೆ ಇಳಿದು ಅಲ್ಲೇ ಮನೆ ಮಾಡಿಕೊಂಡ ಸುಸ್ತು. ವಾರವಿಡೀ ಊರವರ ಗಾಡಿಗಳ ಹೊಟ್ಟೆಯಡಿ ಮಲಗಿ ಎದ್ದ ಪುಣ್ಯಾತ್ಮ, ರಜೆಯ ದಿನ ಬೆಳಕು ಹರಿಯುತ್ತಲೇ ತನ್ನ ಸ್ವಂತ ಕಾರಿನೊಳಗೆ ತಲೆಕೆಳಗಾಗಿ ತೂರಿಕೊಂಡಿದ್ದ. ತಲೆ ಪೆಡಲುಗಳ ಹತ್ತಿರ, ಕಾಲು ಸೀಟಿನ ಮೇಲೆ. ಕಾರು ಇವನನ್ನು ಅರ್ಧ ನುಂಗಿ, ಸಾಕಾಗಿ ಬಿಟ್ಟಂತಿತ್ತು.

ಅಪ್ಪನ ಕಾಲದ ಕಾರು ಅದು. ದುಂಡು ದೀಪ, ದಪ್ಪ ಬಾಗಿಲು; ಬೀದಿಯಲ್ಲಿ ಹೋದರೆ ಜನ ನಿಂತು ನೋಡುತ್ತಾರೆ. ಅವನ ಹೆಂಡತಿ ಮಾತ್ರ ಮೂಗು ಮುಚ್ಚುತ್ತಾಳೆ. "ಪೆಟ್ರೋಲ್ ವಾಸನೆಗೆ ಹೊಟ್ಟೆ ತೊಳಸುತ್ತೆ ರೀ, ನಾನು ಒಲ್ಲೆ" ಎಂದು ಅವಳು ಅದರಲ್ಲಿ ಕೂರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಇವನೂ ತಲೆ ಕೆಡಿಸಿಕೊಂಡಿರಲಿಲ್ಲ.

ಈಗ ಅವಳ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಪ್ರತಿ ರಜೆಗೂ ಇವಳು ಎರಡು ಬಸ್ಸು ಬದಲಾಯಿಸಿ ಹೋಗಿ, ಅಕ್ಕನ ಬಟ್ಟೆ ಒಗೆದು, ತಲೆ ಬಾಚಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬರುತ್ತಾಳೆ. ಹೋದ ವಾರ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲಿ ಕೂತಳು. ಕೂತಲ್ಲೇ ನಿದ್ದೆ ಹೋದಳು. ಅದನ್ನು ನೋಡಿ ಮೇಸ್ತ್ರಿಯ ಕರುಳು ಚುರುಕ್ ಎಂದಿತು. ಊರಿಗೆಲ್ಲ ಗಾಡಿ ಸರಿಮಾಡಿಕೊಡುವವನ ಹೆಂಡತಿ ಬಸ್ಸಿನ ಕಂಬಿ ಹಿಡಿದು ಜೋತಾಡಬೇಕೇ? ಥೂ, ಇವನ ಕಸುಬಿಗಿಷ್ಟು!

"ಮುಂದಿನ ಸಲ ನಾನೇ ಕರ್ಕೊಂಡು ಹೋಗ್ತೀನಿ" ಎಂದ.

"ವಾಸನೆ ಹೋದ್ರೆ ಬರ್ತೀನಿ. ಇಲ್ಲಾಂದ್ರೆ ನನಗೆ ಒಂಬತ್ತರ ಬಸ್ಸೇ ಗತಿ."

ವಾಸನೆ ಬರುವ ದಾರಿ ಅವನಿಗೆ ಗೊತ್ತಿತ್ತು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ. ಸ್ಟೇರಿಂಗಿನ ಕೋಲು, ಪೆಡಲು, ವೈರುಗಳು ಹಾದುಬರಲು ಅದರಲ್ಲಿ ತೂತುಗಳು. ತೂತಿಗೊಂದು ರಬ್ಬರಿನ ಸೀಲು. ಬಾನೆಟ್ಟಿನ ಅಂಚಿಗೂ ಉದ್ದನೆಯದೊಂದು. ಅಷ್ಟೂ ಸವೆದು, ಮುಟ್ಟಿದರೆ ಒಣಗಿದೆಲೆಯಂತೆ ಪುಡಿಯಾಗುತ್ತಿದ್ದವು. ವಾರವಿಡೀ ಕೆಲಸ ಮುಗಿಸಿ ಬಂದು ಹಳೇ ಅಂಟು ಕೆರೆದ. ಸಾಬೂನು ನೀರು ಸವರಿ ಹೊಸ ರಬ್ಬರು ಕೂರಿಸಿದ. ಹಾಳು ರಬ್ಬರು, ಈ ಕಡೆ ಒತ್ತಿದರೆ ಆ ಕಡೆ ಏಳುವುದು. ಹೆಬ್ಬೆರಳು ಸೀಳಿತು, ಕತ್ತು ಹಿಡಿಯಿತು. ಸ್ಟೇರಿಂಗ್ ಕೋಲಿನ ಸೀಲೊಂದು ಇವತ್ತಿಗೆ ಉಳಿದಿತ್ತು. ಬೈದುಕೊಂಡೇ ಅದನ್ನೂ ಕೂರಿಸಿದ.

ಬಾನೆಟ್ಟಿನಡಿ ಟಾರ್ಚ್ ಹಚ್ಚಿಟ್ಟು, ಒಳಗೆ ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಗೋಡೆಯನ್ನು ನೋಡಿದ. ಬೆಳಕಿನ ಒಂದು ಎಳೆಯೂ ಒಳಗೆ ಬರಲಿಲ್ಲ. ಬೆಳಕೇ ಬರದ ಕಡೆ ವಾಸನೆ ಎಲ್ಲಿಂದ ಬಂದೀತು! ಅವನ ಸುಸ್ತು ಅರ್ಧ ಇಳಿಯಿತು.

ಮಸಿ ಕೈಯಲ್ಲಿ ಹೆಂಡತಿಯ ಪಕ್ಕ ಕೂರಬಾರದಲ್ಲ? ಎಂದಿನಂತೆ ಮೊಣಕೈವರೆಗೆ ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಗೆದ ಅಂಗಿ ತೊಟ್ಟು ಅವಳನ್ನು ಕರೆದ.

ಅವಳು ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಬಾಗಿಲು ಹಾಕಿದರು. ಎಂಜಿನ್ ಗುರುಗುಟ್ಟಿತು. ಮೇಸ್ತ್ರಿ ಉಸಿರು ಬಿಗಿಹಿಡಿದು ಅವಳ ಮೂಗನ್ನೇ ನೋಡುತ್ತಿದ್ದ.

"ಇದೆ ರೀ" ಎಂದಳು.

ಅವನು ಎಂಜಿನ್ ಆರಿಸಿದ. ಅಳು ಬಂತು ಅವನಿಗೆ, ಸುಳ್ಳೇಕೆ. "ನನ್ನ ಕೈಲಿ ಇನ್ನಾಗಲ್ಲ ಕಣೇ. ಎಲ್ಲಾ ಮುಚ್ಚಿದೀನಿ. ಇನ್ನೆಲ್ಲಿ ಮುಚ್ಚಲಿ?"

ಅವಳು ಬಗ್ಗಿ ಪೆಡಲುಗಳ ಹತ್ತಿರ ಮೂಸಿದಳು. ವೈರುಗಳ ಹತ್ತಿರ ಮೂಸಿದಳು. ಕೊನೆಗೆ ಅವನ ಮಣಿಕಟ್ಟು ಹಿಡಿದು ಮೂಗಿನ ಹತ್ತಿರ ತಂದುಕೊಂಡಳು.

"ಕಾರಿಂದು ಹೋಗಿದೆ. ಇದು ನಿಮ್ದು."

"ನಂದಾ? ಈಗಷ್ಟೇ ತೊಳ್ಕೊಂಡು ಬಂದೆ!"

"ಯಾತರಲ್ಲಿ ತೊಳೆದ್ರಿ?"

"ಪೆಟ್ರೋಲಲ್ಲಿ" ಎಂದ ಮೇಸ್ತ್ರಿ, ಅಂದ ಮೇಲೆ ಬಾಯಿ ಹಾಗೇ ತೆರೆದಿತ್ತು. ಗ್ರೀಸು ಹೋಗಬೇಕೆಂದರೆ ಪೆಟ್ರೋಲಿನಲ್ಲೇ ಕೈ ತೊಳೆಯಬೇಕು. ಅಪ್ಪ ಕಲಿಸಿದ್ದು ಹಾಗೆ, ಗ್ಯಾರೇಜಿನವರೆಲ್ಲ ಮಾಡುವುದೂ ಹಾಗೆ. ಆ ವಾಸನೆ ಅವನ ಮೂಗಿಗೆ ತಿಳಿಯುವುದು ನಿಂತು ಯಾವ ಕಾಲವಾಗಿತ್ತೋ.

"ನಿಂಗೆ ಗೊತ್ತಿತ್ತಾ?"

"ಅನುಮಾನ ಇತ್ತು. ದಿಂಬಲ್ಲೂ ಬರುತ್ತಲ್ಲ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತೇ?"

"ನನ್ನ ಪಕ್ಕ ಕೂರೋಕೆ ಅಂತಲೇ ಕೈ ತೊಳ್ಕೊಂಡು ಬರೋರಿಗೆ ಹೇಗೆ ಹೇಳಲಿ? ಕಾರಿಗೆ ಬೈದ್ರೆ ಕಾರೇನು ಬೇಜಾರು ಮಾಡ್ಕೊಳ್ಳಲ್ಲ" ಎಂದಳು.

ಇಷ್ಟು ವರ್ಷ ಅವಳು ಆ ಕಡೆ ತಿರುಗಿ ಮಲಗುತ್ತಿದ್ದುದು ನೆನಪಾಗಿ, ಮೇಸ್ತ್ರಿಗೆ ತನ್ನ ಮೈಯೇ ಭಾರವೆನಿಸಿತು. "ಹೊತ್ತಾಯ್ತು, ನೀನು ಬಸ್ಸಿಗೆ ಹೋಗು" ಎಂದು ಇಳಿದು, ಸಾಬೂನು ಹಿಡಿದು ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ.

ಹಿಂದೆಯೇ ಅವಳು ಬಂದಳು. ಚೀಲ ಕೆಳಗಿಟ್ಟಳು, ಅಡುಗೆಮನೆಯಿಂದ ಒಂದು ಹಿಡಿ ಸಕ್ಕರೆ ತಂದಳು. ಅವನ ಕೈಯನ್ನು ತನ್ನ ಮಂಡಿಯ ಮೇಲೆಳೆದುಕೊಂಡು ಸಾಬೂನು, ಸಕ್ಕರೆ ಸೇರಿಸಿ ಒಂದೊಂದೇ ಬೆರಳನ್ನು ಉಜ್ಜತೊಡಗಿದಳು. ಸೀಳಿದ ಹೆಬ್ಬೆರಳಿನ ಹತ್ತಿರ ಮೆಲ್ಲಗೆ ಉಜ್ಜಿದಳು. ಆ ಕೈಯನ್ನು ಅವಳು ಇಷ್ಟು ಹೊತ್ತು ಹಿಡಿದುಕೊಂಡು ಎಷ್ಟೋ ಕಾಲವಾಗಿತ್ತು.

ಬೀದಿಯ ತುದಿಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ಲೇ, ನಿನ್ನ ಬಸ್ಸು ಹೊರಟುಹೋಯ್ತು."

"ಹೋಗ್ಲಿ ಬಿಡಿ" ಎಂದಳು. "ಆ ಕೈ ಕೊಡಿ."